ಕೆರೆಯ ಹೂಳಿನಲ್ಲಿ ಹುದುಗಿದ ಇತಿಹಾಸ

ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಕಲ್ಲನ್ನು ಹುಡುಕುತ್ತಾರೆ. ಶಾಸನದ ಕಲ್ಲು, ವೀರಗಲ್ಲು, ಗುಡಿಯ ಕಂಬ, ಕೋಟೆಯ ಬಾಗಿಲು: ಇವು ನಮ್ಮ ಸೀಮೆಯ ಇತಿಹಾಸಕಾರರಿಗೆ ದೊರೆತ ಮುಖ್ಯ ಸಾಮಗ್ರಿ. ಜಳಕೋಟ, ಉಮರ್ಗಾ, ನಿಲಂಗಾ, ಉದಗೀರ ಪ್ರದೇಶದಲ್ಲಿ ಕನ್ನಡ ಎಷ್ಟು ಹಳೆಯದೆಂದು ಸಾಧಿಸಲು ನಾವು ಪ್ರತಿಯೊಂದು ಸಮ್ಮೇಳನದಲ್ಲಿಯೂ ಇವುಗಳನ್ನೇ ಸಾಕ್ಷಿಗೆ ಕರೆಯುತ್ತೇವೆ. ರಾಷ್ಟ್ರಕೂಟರು ತಮ್ಮನ್ನು ಲಟ್ಟಲೂರ ಪುರವರಾಧೀಶ್ವರರೆಂದು ಕರೆದುಕೊಂಡರು. ಆ ಲಟ್ಟಲೂರೇ ಇಂದಿನ ಲಾತೂರ ಎಂಬುದು ವಿದ್ವಾಂಸರ ಅಭಿಪ್ರಾಯ. ಕವಿರಾಜಮಾರ್ಗಕಾರನು ಕನ್ನಡ ನಾಡಿನ ಉತ್ತರದ ಎಲ್ಲೆಯನ್ನು ಗೋದಾವರಿಯಲ್ಲಿ ಗುರುತಿಸಿದ. ಶಂ.ಬಾ. ಜೋಶಿಯವರು ಊರುಗಳ ಹೆಸರುಗಳನ್ನೇ ಶಾಸನಗಳಂತೆ ಓದಿ ತೋರಿಸಿದರು. 1956ರ ನವೆಂಬರ್ 1ರವರೆಗೆ ಉದಗೀರ, ನಿಲಂಗಾ ತಾಲೂಕುಗಳು ಹೈದರಾಬಾದ ರಾಜ್ಯದ ಬೀದರ ಜಿಲ್ಲೆಯಲ್ಲಿದ್ದವು, ಅನಂತರ ಉಸ್ಮಾನಾಬಾದಕ್ಕೆ ಸೇರಿದವು, 1982ರಲ್ಲಿ ಹೊಸದಾಗಿ ರಚಿತವಾದ ಲಾತೂರ ಜಿಲ್ಲೆಗೆ ಬಂದವು. ಇದೆಲ್ಲ ಸಂಘದ ಸದಸ್ಯರಿಗೆ ಕಂಠಪಾಠವಾದ ಸಂಗತಿ. ಇದನ್ನು ಮತ್ತೆ ಹೇಳುವುದು ಈ ಲೇಖನದ ಉದ್ದೇಶವಲ್ಲ.

ಕಲ್ಲಿನಷ್ಟೇ ನಿಷ್ಠೆಯಿಂದ ಕಾಲವನ್ನು ದಾಖಲಿಸುವ ಇನ್ನೊಂದು ವಸ್ತು ನಮ್ಮ ಊರೂರಿನಲ್ಲಿಯೂ ಇದೆ. ಅದು ಕೆರೆಯ ತಳದ ಹೂಳು. ಕರ್ನಾಟಕದ ರೈತರು ಅದನ್ನು ಗೋಡುಮಣ್ಣು ಎನ್ನುತ್ತಾರೆ. ನಮ್ಮ ಕಡೆ ಮರಾಠಿಯ ಪ್ರಭಾವದಿಂದ ಗಾಳ ಎಂಬ ಮಾತೇ ಹೆಚ್ಚು ಬಳಕೆಯಲ್ಲಿದೆ. ಪ್ರತಿ ಮಳೆಗಾಲದಲ್ಲಿಯೂ ಸುತ್ತಲಿನ ಹೊಲ, ಗುಡ್ಡ, ಓಣಿಗಳನ್ನು ತೊಳೆದುಕೊಂಡು ಬಂದ ನೀರು ಕೆರೆಯಲ್ಲಿ ನಿಂತು, ತಾನು ಹೊತ್ತು ತಂದ ಸಣ್ಣ ಮಣ್ಣನ್ನು ಕೆಳಗಿಳಿಸುತ್ತದೆ. ಮರುವರ್ಷ ಅದರ ಮೇಲೆ ಮತ್ತೊಂದು ಪದರ. ಯಾರೂ ಕೆದಕದೆ ಬಿಟ್ಟರೆ ಕೆಳಗಿನದು ಅಜ್ಜನ ಕಾಲದ್ದು, ಮೇಲಿನದು ಮೊಮ್ಮಗನ ಕಾಲದ್ದು. ಶಾಸನದಲ್ಲಿ ಬರೆಯಿಸಿದವನ ಇಷ್ಟಾನಿಷ್ಟಗಳು ಸೇರಿಕೊಂಡಿರುತ್ತವೆ. ದಾನ ಕೊಟ್ಟವನು ತನ್ನ ದಾನವನ್ನು ಮಾತ್ರ ಕೆತ್ತಿಸುತ್ತಾನೆ. ಹೂಳಿಗೆ ಅಂಥ ಪಕ್ಷಪಾತವಿಲ್ಲ. ಊರಿನವರು ಏನನ್ನು ಬಳಸಿದರೋ, ಏನನ್ನು ಎಸೆದರೋ ಅದೆಲ್ಲವನ್ನೂ ಅದು ಬರೆದುಕೊಳ್ಳುತ್ತದೆ.

ಈ ಬರಹದಲ್ಲಿ ಅಳಿಸದೆ ಉಳಿಯುವ ಅಕ್ಷರಗಳು ಭಾರಲೋಹಗಳು. ಸೀಸ, ಸತು, ತಾಮ್ರ, ಪಾದರಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್ ಮುಂತಾದವು ಈ ಗುಂಪಿನವು. ಪೂರ್ಣ ಲೋಹವಲ್ಲದಿದ್ದರೂ ಆರ್ಸೆನಿಕ್ಕನ್ನೂ ಇದೇ ಪಂಕ್ತಿಯಲ್ಲಿ ಕೂಡಿಸುವ ರೂಢಿಯಿದೆ. ಸೊಪ್ಪುಸದೆ ಕೊಳೆಯುತ್ತದೆ, ಮೂಳೆ ಸವೆಯುತ್ತದೆ, ಲೋಹ ಮಾತ್ರ ಕೊಳೆಯುವುದಿಲ್ಲ. ಜೇಡಿಮಣ್ಣಿನ ಕಣಗಳಿಗೂ ಕಬ್ಬಿಣ–ಮ್ಯಾಂಗನೀಸಿನ ಕಿಲುಬಿಗೂ ಅಂಟಿಕೊಂಡು ತಳದಲ್ಲಿ ಕುಳಿತುಬಿಡುತ್ತದೆ.

ಇದನ್ನು ಓದುವ ವಿದ್ಯೆ ಇತ್ತೀಚಿನದು. ಅದರಲ್ಲಿ ನಮ್ಮ ದೇಶದವರ ಪಾಲು ಸಣ್ಣದಲ್ಲ. ಗಾಳಿಯಲ್ಲಿರುವ ರೇಡಾನ್ ಅನಿಲದಿಂದ ಹುಟ್ಟುವ ಸೀಸ-210 ಎಂಬ ವಿಕಿರಣಶೀಲ ಸೀಸವು ಮಳೆಯೊಡನೆ ಕೆರೆಗೆ ಬಿದ್ದು ಹೂಳಿನಲ್ಲಿ ಸೇರುತ್ತದೆ. ಸುಮಾರು 22 ವರ್ಷಗಳಿಗೊಮ್ಮೆ ಅದು ಅರ್ಧದಷ್ಟಾಗುತ್ತದೆ. ಆದ್ದರಿಂದ ಒಂದು ಪದರದಲ್ಲಿ ಅದು ಎಷ್ಟು ಉಳಿದಿದೆ ಎಂದು ಅಳೆದರೆ ಆ ಪದರ ಎಂದಿನದೆಂದು ಹೇಳಬಹುದು. ಕೆರೆಯ ಹೂಳಿಗೆ ಈ ಕಾಲಗಣನೆಯನ್ನು ಅನ್ವಯಿಸಿದ ಮೊದಲ ಪ್ರಬಂಧ 1971ರಲ್ಲಿ ಪ್ರಕಟವಾಯಿತು. ಅದರ ಲೇಖಕರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಸ್. ಕೃಷ್ಣಸ್ವಾಮಿ ಮತ್ತು ದೇವೇಂದ್ರ ಲಾಲ್ ಇದ್ದರು. ಇಂದು ಜಗತ್ತಿನ ಯಾವ ಮೂಲೆಯಲ್ಲಿ ಕೆರೆಯ ಹೂಳನ್ನು ಪರೀಕ್ಷಿಸಿದರೂ ಈ ವಿಧಾನವಿಲ್ಲದೆ ಮುಂದೆ ಸಾಗುವುದು ಕಷ್ಟ. ಸ್ವೀಡನ್ನಿನ ವಿಜ್ಞಾನಿ ಇಂಗೆಮಾರ್ ರೆನ್‌ಬರ್ಗ್ ಮತ್ತು ಸಂಗಡಿಗರು ತಮ್ಮ ದೇಶದ ಕೆರೆಗಳ ತಳವನ್ನು ಕೊರೆದು 1994ರಲ್ಲಿ ಪ್ರಕಟಿಸಿದ ಫಲಿತಾಂಶ ಇತಿಹಾಸಕಾರರನ್ನು ಚಕಿತಗೊಳಿಸಿತು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ರೋಮನ್ನರು ಸೀಸವನ್ನು ಕರಗಿಸಿದಾಗ ಎದ್ದ ಹೊಗೆ ಆ ದೂರದ ಉತ್ತರದ ಕೆರೆಗಳಲ್ಲಿಯೂ ಗುರುತು ಬಿಟ್ಟಿತ್ತು. ರೋಮಿನ ಸಾಮ್ರಾಟರು ಇಂಥದ್ದೊಂದು ಶಾಸನವನ್ನು ಬರೆಸಬೇಕೆಂದು ಎಣಿಸಿರಲಿಕ್ಕಿಲ್ಲ.

ನಮ್ಮ ಮರಾಠವಾಡಕ್ಕೆ ಹತ್ತಿರದಲ್ಲಿಯೇ, ಬುಲಢಾಣಾ ಜಿಲ್ಲೆಯ ಲೋಣಾರದಲ್ಲಿ ಇಂಥ ಒಂದು ಹೊತ್ತಗೆಯನ್ನು ತೆರೆದಿದ್ದಾರೆ. ಉಲ್ಕೆ ಬಿದ್ದು ಉಂಟಾದ ಆ ಸರೋವರದ ತಳದ ಸುಮಾರು ಹತ್ತು ಮೀಟರ್ ಹೂಳನ್ನು ಕೊರೆದು ಓದಿದ ಭಾರತೀಯ ಮತ್ತು ಜರ್ಮನ್ ವಿಜ್ಞಾನಿಗಳು, 2014ರಲ್ಲಿ ಎರಡು ದೀರ್ಘವಾದ ಬರದ ಕಾಲಗಳನ್ನು ಗುರುತಿಸಿದರು: ಒಂದು ಈಗಿನಿಂದ 4600–3900 ವರ್ಷಗಳ ಹಿಂದಿನದು, ಇನ್ನೊಂದು 2000–600 ವರ್ಷಗಳ ಹಿಂದಿನದು. ಎರಡನೆಯ ಕಾಲಾವಧಿಯನ್ನು ನಾವು ನಮ್ಮ ರಾಜವಂಶಗಳ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ಸಾತವಾಹನರಿಂದ ಹಿಡಿದು ಬಾದಾಮಿಯ ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ದೇವಗಿರಿಯ ಯಾದವರು ಎಲ್ಲರೂ ಅದರೊಳಗೆ ಬರುತ್ತಾರೆ. ನಮ್ಮ ಸೀಮೆಯಲ್ಲಿ ಕೆರೆ ಕಟ್ಟುವುದು ಪರಮ ಪುಣ್ಯವೆನಿಸಿದ್ದು ಇದೇ ಕಾಲದಲ್ಲಿ. ಕೆರೆಯ ಕಾಯಕಕ್ಕೆ ಅಷ್ಟೊಂದು ಗೌರವ ಬಂದುದಕ್ಕೆ ಧರ್ಮಶ್ರದ್ಧೆಯ ಜೊತೆಗೆ ಒಣಗಿದ ಗಂಟಲೂ ಕಾರಣವಾಗಿರಬಹುದೆಂಬುದು ನನ್ನ ಊಹೆ. ಊಹೆಯೇ ಹೊರತು ಸಿದ್ಧಾಂತವಲ್ಲ.

ಕೆರೆಯ ಮಾತು ಬಂದಾಗ ಸೊನ್ನಲಿಗೆಯ ಸಿದ್ಧರಾಮನನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಹನ್ನೆರಡನೆಯ ಶತಮಾನದ ಈ ಶಿವಯೋಗಿ ಸೊಲ್ಲಾಪುರದಲ್ಲಿ ಜನರನ್ನು ಕೂಡಿಸಿ ಕೆರೆ ತೋಡಿಸಿದ. ರಾಘವಾಂಕನ ಕಾವ್ಯಕ್ಕೆ ಅವನೇ ನಾಯಕ. ಇಂದಿಗೂ ಸಿದ್ಧೇಶ್ವರನ ಗುಡಿ ಆ ನೀರಿನ ನಡುವೆಯೇ ನಿಂತಿದೆ. ಉಮರ್ಗಾ ಕಡೆಯವರಿಗೆ ಸಂಕ್ರಮಣದ ಗಡ್ಡಾ ಜಾತ್ರೆ ಎಂದರೆ ಸಾಕು, ಆ ಕೆರೆಯ ದಂಡೆ ಕಣ್ಣಮುಂದೆ ಬರುತ್ತದೆ. ಬಸವಕಲ್ಯಾಣದ ತ್ರಿಪುರಾಂತ ಕೆರೆಯೂ ನಮಗೆ ಅಷ್ಟೇ ಹತ್ತಿರದ್ದು. ಕೆರೆಯನ್ನು ಕಟ್ಟಿದರಷ್ಟೇ ಸಾಲದು, ಹೂಳು ತೆಗೆಯುತ್ತಿರಬೇಕು ಎಂಬ ಅರಿವು ಹಿಂದಿನವರಿಗೆ ಚೆನ್ನಾಗಿತ್ತು. ಕನ್ನಡ ಶಾಸನಗಳಲ್ಲಿ ಬರುವ ಬಿತ್ತುವಟ್ಟ, ಕಟ್ಟುಕೊಡಗೆ, ಕೆರೆಗೊಡಗೆ ಎಂಬ ಮಾತುಗಳು ಕೆರೆಯ ನಿರ್ಮಾಣಕ್ಕೂ ಜೀರ್ಣೋದ್ಧಾರಕ್ಕೂ ಬಿಟ್ಟ ಭೂಮಿ ಹಾಗೂ ಉತ್ಪನ್ನಗಳನ್ನು ಸೂಚಿಸುತ್ತವೆ. ವಿಜಯನಗರದ ಕಾಲದ, 1369ರ ಪೋರುಮಾಮಿಳ್ಳ ಶಾಸನವಂತೂ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಗೆ ತಗಲುವ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ತೆಗೆದ ಹೂಳು ಹೊಲಕ್ಕೆ ಹೋಗುತ್ತಿತ್ತು. ಹೊಲದಿಂದ ಕೆರೆಗೆ, ಕೆರೆಯಿಂದ ಹೊಲಕ್ಕೆ ಎಂಬ ಈ ಮಣ್ಣಿನ ತಿರುಗಾಟ ಶತಮಾನಗಳ ಕಾಲ ಯಾವ ಅಂಜಿಕೆಯೂ ಇಲ್ಲದೆ ನಡೆಯಿತು.

ಆ ಕಾಲದ ಹೂಳಿನಲ್ಲಿ ಲೋಹವಿರಲಿಲ್ಲವೆಂದಲ್ಲ. ನಮ್ಮ ಕಾಲಡಿಯಲ್ಲಿರುವುದು ಕರಿಗಲ್ಲು, ಅಂದರೆ ಬಸಾಲ್ಟ್. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಲಾವಾದ ಹಾಸುಗಳಿವು. 1961ರಲ್ಲಿ ಟುರೆಕಿಯನ್ ಮತ್ತು ವೆಡೆಪೋಲ್ ಎಂಬ ಭೂರಸಾಯನ ವಿಜ್ಞಾನಿಗಳು ಸಿದ್ಧಪಡಿಸಿದ ಪ್ರಸಿದ್ಧ ಕೋಷ್ಟಕದ ಪ್ರಕಾರ, ಜಗತ್ತಿನ ಬಸಾಲ್ಟ್ ಶಿಲೆಗಳಲ್ಲಿ ಸರಾಸರಿಯಾಗಿ ದಶಲಕ್ಷಕ್ಕೆ 87 ಭಾಗ ತಾಮ್ರ, 130 ಭಾಗ ನಿಕಲ್, 170 ಭಾಗ ಕ್ರೋಮಿಯಂ ಇರುತ್ತದೆ. ಸುಣ್ಣಾಂಶ ಕಡಿಮೆ ಇರುವ ಗ್ರಾನೈಟಿನಲ್ಲಿ ಇದೇ ಲೋಹಗಳು ಕ್ರಮವಾಗಿ 10, 4.5 ಮತ್ತು 4.1 ಭಾಗ ಮಾತ್ರ. ಎಂದರೆ ಕೋಲಾರ, ತುಮಕೂರಿನ ಕಡೆಯ ಗ್ರಾನೈಟ್ ಸೀಮೆಯ ಕೆರೆಯಲ್ಲಿ ಕಂಡರೆ ಎದೆ ಝಲ್ಲೆನ್ನಿಸಬಹುದಾದ ನಿಕಲ್ ಪ್ರಮಾಣ ನಮ್ಮ ಎರೆಮಣ್ಣಿನಲ್ಲಿ ಸೃಷ್ಟಿಯೇ ಕೊಟ್ಟದ್ದಾಗಿರಬಹುದು. ಇದನ್ನು ಗಮನಿಸದೆ ಪ್ರಯೋಗಾಲಯದ ಒಂದು ಅಂಕಿಯನ್ನು ಹಿಡಿದು ಕೂಗೆಬ್ಬಿಸುವುದು ಅನ್ಯಾಯ. ಅದೇ ಅಂಕಿಯನ್ನು ತೋರಿಸಿ ಎಲ್ಲವೂ ಸಹಜವೆಂದು ಕೈತೊಳೆದುಕೊಳ್ಳುವುದು ಇನ್ನೂ ದೊಡ್ಡ ಅನ್ಯಾಯ. ಸೀಸ, ಕ್ಯಾಡ್ಮಿಯಂ, ಪಾದರಸಗಳು ಕರಿಗಲ್ಲಿನಲ್ಲಿ ಅತ್ಯಲ್ಪ. ಅವು ಹೂಳಿನಲ್ಲಿ ಹೆಚ್ಚಾಗಿ ಕಂಡರೆ ಮನುಷ್ಯನ ಕೈವಾಡವನ್ನೇ ಮೊದಲು ಶಂಕಿಸಬೇಕು.

ಮನುಷ್ಯನ ಕೈವಾಡವೂ ನಮ್ಮಲ್ಲಿ ಹಳೆಯದು. ಬಹಮನಿಗಳ ರಾಜಧಾನಿಯಾಗಿದ್ದ ಬೀದರಿನ ಬಿದರಿ ಕಲೆ ಜಗತ್ತಿಗೆ ಗೊತ್ತು. ಅದರ ಪಾತ್ರೆಗಳ ಎರಕದಲ್ಲಿ ಸತುವೇ ಪ್ರಧಾನ. ಹದಿನಾರು ಭಾಗ ಸತುವಿಗೆ ಒಂದು ಭಾಗ ತಾಮ್ರವೆಂಬುದು ಪರಂಪರೆಯ ಲೆಕ್ಕ. ಕೆತ್ತನೆಗೆ ಮೊದಲು ಮೈಗೆ ಮೈಲುತುತ್ತದ ಲೇಪ, ಆಮೇಲೆ ಬೆಳ್ಳಿಯ ಕೂಡಿಕೆ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಲ್ಲಿ ಅದ್ದಿದಾಗ ಸತುವು ಕಪ್ಪಾಗಿ ಬೆಳ್ಳಿ ಹೊಳೆಯುತ್ತದೆ. ಲೋಹ ಮತ್ತು ಮಣ್ಣು ಪರಸ್ಪರ ಹೇಗೆ ವರ್ತಿಸುತ್ತವೆ ಎಂಬುದನ್ನು ಬೀದರಿನ ಕುಶಲಕರ್ಮಿಗಳಷ್ಟು ಸೂಕ್ಷ್ಮವಾಗಿ ಬಲ್ಲವರು ವಿರಳ. ಇಂಥ ಕೈಕಸುಬುಗಳಿಂದ ಮಣ್ಣಿಗೆ ಸೇರಿದ ಲೋಹ ಒಂದು ಓಣಿಯ ಆಚೆ ಹೋಗುವಷ್ಟಿರಲಿಲ್ಲ. 1760ರಲ್ಲಿ ಸದಾಶಿವರಾವ್ ಭಾವು ನಿಜಾಮನ ಸೈನ್ಯವನ್ನು ಸೋಲಿಸಿದ ಉದಗೀರದ ಯುದ್ಧದಲ್ಲಿ ಹಾರಿದ ಗುಂಡುಗಳ ಸೀಸವೂ ಆಸುಪಾಸಿನ ನೆಲದಲ್ಲಿಯೇ ಉಳಿದಿರಬೇಕು.

ನಿಜವಾದ ಬದಲಾವಣೆ ಯಂತ್ರಯುಗದೊಡನೆ ಬಂತು. 1877ರಲ್ಲಿ ಸೊಲ್ಲಾಪುರದಲ್ಲಿ ಮೊದಲ ಗಿರಣಿ ನಿಂತಿತು. ನಮ್ಮ ಹಳ್ಳಿಗಳ ಅನೇಕ ಮನೆತನಗಳು ಅಲ್ಲಿಗೆ ಹೊಟ್ಟೆಪಾಡಿಗೆ ಹೋದವು. ಬಟ್ಟೆಗೆ ಬಣ್ಣ ಕಟ್ಟುವ ಕೆಲಸದಲ್ಲಿ ಕ್ರೋಮಿಯಂ ಮತ್ತು ತಾಮ್ರದ ಲವಣಗಳ ಬಳಕೆ ಆ ಕಾಲದಲ್ಲಿ ಎಲ್ಲೆಡೆಯೂ ಇತ್ತು. ಆಮೇಲೆ ಪೆಟ್ರೋಲಿಗೆ ಬೆರೆಸಿದ ಸೀಸ ಬಂತು. ಭಾರತದಲ್ಲಿ ಅದು ಪೂರ್ತಿ ನಿಂತದ್ದು 2000ದ ಫೆಬ್ರುವರಿಯಲ್ಲಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸವನ್ನು ದಶಲಕ್ಷಕ್ಕೆ 90 ಭಾಗಕ್ಕೆ ಮಿತಗೊಳಿಸಿದ ನಿಯಮ ಜಾರಿಗೆ ಬರಲು 2017ರ ನವೆಂಬರ್ ಆಗಬೇಕಾಯಿತು. ದ್ರಾಕ್ಷಿ ತೋಟಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ತಾಮ್ರ, ರಂಜಕದ ಗೊಬ್ಬರಗಳಲ್ಲಿ ಕ್ಯಾಡ್ಮಿಯಂನ ಸಣ್ಣ ಅಂಶ, ಎಸೆದ ಬ್ಯಾಟರಿಗಳಲ್ಲಿ ಸೀಸ ಇವೆ. ಹಬ್ಬವೂ ಹೊರತಲ್ಲ. ನಮ್ಮ ಸೀಮೆಯಲ್ಲಿ ಗಣೇಶೋತ್ಸವ ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ವಿಸರ್ಜನೆಯಿಂದಾಗುವ ಪರಿಣಾಮವನ್ನು ಅಧ್ಯಯನ ಮಾಡಿದ ವರದಿಗಳು 2001ರಲ್ಲಿಯೇ ಬಂದಿದ್ದವು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2010ರಲ್ಲಿ ಮಾರ್ಗಸೂಚಿ ಹೊರಡಿಸಿತು. 2020ರಲ್ಲಿ ಅದನ್ನು ಪರಿಷ್ಕರಿಸಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೂರ್ತಿಗಳನ್ನೂ ವಿಷಕಾರಿ ಬಣ್ಣಗಳನ್ನೂ ನಿಷೇಧಿಸಿತು. ಮಣ್ಣಿನ ಗಣಪನನ್ನು ಮಾಡಿ ಬಾವಿಯಲ್ಲಿ ಬಿಡುತ್ತಿದ್ದ ನಮ್ಮ ಹಿರಿಯರಿಗೆ ಯಾವ ಮಾರ್ಗಸೂಚಿಯೂ ಬೇಕಾಗಿರಲಿಲ್ಲ.

ಮಾಂಜರಾ ನದಿಯ ಕಥೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಬೀಡ ಜಿಲ್ಲೆಯ ಬಾಲಾಘಾಟ ಗುಡ್ಡಗಳಲ್ಲಿ ಹುಟ್ಟಿ, ಲಾತೂರ, ಬೀದರಗಳನ್ನು ದಾಟಿ, ತೆಲಂಗಾಣದಲ್ಲಿ ಉತ್ತರಕ್ಕೆ ತಿರುಗಿ ಗೋದಾವರಿಯನ್ನು ಸೇರುವ ಈ ನದಿ ಮೂರು ಭಾಷೆಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ನಿಜಾಮರ ಕಾಲದಲ್ಲಿ, 1923ರಿಂದ 1931ರ ನಡುವೆ ಇದಕ್ಕೆ ನಿಜಾಮ ಸಾಗರವೆಂಬ ಅಣೆಕಟ್ಟು ಕಟ್ಟಿದರು. ಅರ್ಧ ಶತಮಾನ ಕಳೆಯುವುದರೊಳಗೆ ಅದರ ಅರ್ಧಕ್ಕಿಂತ ಹೆಚ್ಚು ಸಾಮರ್ಥ್ಯವನ್ನು ಹೂಳು ತಿಂದುಹಾಕಿತು. ಆ ಹೂಳಿನಲ್ಲಿ ಬಹುಪಾಲು ನಮ್ಮ ಹೊಲಗಳ ಎರೆಮಣ್ಣೇ ಅಲ್ಲವೇ? ಅದೇ ನದಿಗೆ ನಕ್ಕವಾಗು ಎಂಬ ಹಳ್ಳ ಕೂಡುತ್ತದೆ. ಅದರ ದಂಡೆಯ ಪಟಾನ್‌ಚೆರು ಪ್ರದೇಶದಲ್ಲಿ 1970ರ ದಶಕದಿಂದ ಔಷಧಿ ಮತ್ತು ರಾಸಾಯನಿಕ ಕಾರ್ಖಾನೆಗಳು ಬೆಳೆದವು. ಕಾಜಿಪಲ್ಲಿ, ಗಂಡಿಗೂಡೆಂ ಮೊದಲಾದ ಊರುಗಳ ಕೆರೆಗಳ ನೀರು ಬಳಕೆಗೆ ಬಾರದಾಯಿತು. 1990ರಲ್ಲಿ ಪ್ರಕರಣ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂತು. ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿನ ಮಣ್ಣನ್ನು ಪರೀಕ್ಷಿಸಿ ಆರ್ಸೆನಿಕ್, ಕ್ರೋಮಿಯಂ, ಸೀಸ, ಸತು ಮುಂತಾದವು ಸೇರಿಕೊಂಡದ್ದನ್ನು 2001ರಲ್ಲಿ ಪ್ರಕಟಿಸಿದರು. ಉದಗೀರದಿಂದ ಒಂದು ಹಗಲಿನ ಪ್ರಯಾಣದಷ್ಟೇ ದೂರದ ಊರುಗಳ ಮಾತಿದು.

ಕನ್ನಡ ನಾಡಿನ ಒಳಗೆ ಬಂದರೆ ಬೆಂಗಳೂರಿನ ಬೆಳ್ಳಂದೂರು ಕೆರೆ. ಸುಮಾರು 900 ಎಕರೆಯ, ಆ ನಗರದ ಅತಿ ದೊಡ್ಡ ಕೆರೆಯಿದು. ಒಂದು ಕಾಲಕ್ಕೆ ಸುತ್ತಲಿನ ಹಳ್ಳಿಗಳ ಗದ್ದೆಗಳಿಗೆ ಜೀವಾಳ. ನಗರದ ಕೊಳಚೆಯನ್ನೂ ಸಣ್ಣ ದೊಡ್ಡ ಕಾರ್ಖಾನೆಗಳ ನೀರನ್ನೂ ದಶಕಗಳ ಕಾಲ ಕುಡಿದ ಮೇಲೆ ಅದು 2015ರಲ್ಲಿ ನೊರೆಯೊಡನೆ ಹೊತ್ತಿಕೊಂಡಿತು. 2017ರಲ್ಲಿ ಮತ್ತೆ, 2018ರ ಜನವರಿಯಲ್ಲಿ ಮಗುದೊಮ್ಮೆ. ನೀರಿಗೆ ಬೆಂಕಿ ಬಿದ್ದದ್ದನ್ನು ಜಗತ್ತೇ ನೋಡಿತು. ತಳದಲ್ಲಿ ಸದ್ದಿಲ್ಲದೆ ನಡೆಯುತ್ತಿದ್ದುದನ್ನು ಅದಕ್ಕೂ ಮೊದಲೇ ಕೆಲವರು ನೋಡಿದ್ದರು. 2006ರಲ್ಲಿ ಲೋಕೇಶ್ವರಿ ಮತ್ತು ಚಂದ್ರಪ್ಪ ಎಂಬ ಸಂಶೋಧಕರು ಈ ಕೆರೆಯ ನೀರು ಹಾಯಿಸಿದ ಹೊಲಗಳ ಮಣ್ಣು ಮತ್ತು ಬೆಳೆಗಳಲ್ಲಿನ ಭಾರಲೋಹಗಳನ್ನು ಕುರಿತು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರು ಸಹವರ್ತಿಗಳೊಡನೆ ಬೆಂಗಳೂರಿನ ಕೆರೆಗಳ ಅಧ್ಯಯನವನ್ನು ಬಹುಕಾಲದಿಂದ ನಡೆಸಿಕೊಂಡು ಬಂದಿದ್ದಾರೆ. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರಕಾರಕ್ಕೆ 50 ಕೋಟಿ, ಮಹಾನಗರ ಪಾಲಿಕೆಗೆ 25 ಕೋಟಿ ರೂಪಾಯಿ ದಂಡ ವಿಧಿಸಿತು. ಹೂಳೆತ್ತುವ ಕೆಲಸ ಶುರುವಾದಾಗ ಎದುರಾದ ಪ್ರಶ್ನೆ ವಿಚಿತ್ರವಾದದ್ದು: ತೆಗೆದ ಹೂಳನ್ನು ಎಲ್ಲಿ ಹಾಕುವುದು? ನಮ್ಮ ಪೂರ್ವಜರ ಬಾಯಲ್ಲಿ ಈ ಪ್ರಶ್ನೆ ಹುಟ್ಟುವಂತೆಯೇ ಇರಲಿಲ್ಲ.

ಈಗ ನಮ್ಮ ಬಾಗಿಲಿಗೇ ಬರೋಣ. 2016ರ ಬೇಸಿಗೆಯನ್ನು ಲಾತೂರ ಜಿಲ್ಲೆಯವರು ಮರೆತಿರಲಿಕ್ಕಿಲ್ಲ. ಧನೇಗಾಂವದ ಮಾಂಜರಾ ಧರಣ ಒಣಗಿತ್ತು. ನೀರಿನ ಟಾಕಿಗಳ ಬಳಿ ಜನ ಗುಂಪುಗೂಡದಂತೆ 144ನೆಯ ಕಲಂ ಜಾರಿಯಾಗಿತ್ತು. ಏಪ್ರಿಲ್ ತಿಂಗಳಲ್ಲಿ ಮೀರಜದಿಂದ ರೇಲ್ವೆಯ ಡಬ್ಬಿಗಳಲ್ಲಿ ನೀರು ಬಂತು. ಮೊದಲ ಗಾಡಿಯಲ್ಲಿ ಬಂದದ್ದು ಐದು ಲಕ್ಷ ಲೀಟರು. ಆ ಬರಗಾಲ ಕಲಿಸಿದ ಪಾಠದಿಂದ ಮಹಾರಾಷ್ಟ್ರ ಸರಕಾರ 2017ರಲ್ಲಿ ‘ಗಾಳಮುಕ್ತ ಧರಣ, ಗಾಳಯುಕ್ತ ಶಿವಾರ’ ಯೋಜನೆಯನ್ನು ಆರಂಭಿಸಿತು. ಧರಣ, ಕೆರೆಗಳ ಹೂಳನ್ನು ತೆಗೆದು ರೈತರ ಹೊಲಗಳಿಗೆ ಹರಡುವುದು ಅದರ ತಿರುಳು. ನಮ್ಮ ಬಿತ್ತುವಟ್ಟದ ಕಾಲದ ಪದ್ಧತಿಯೇ ಜೆಸಿಬಿ ಏರಿ ಬಂದಂತೆ. ನನ್ನ ಅಭಿಪ್ರಾಯದಲ್ಲಿ ಇದು ಮರಾಠವಾಡಕ್ಕೆ ದೊರೆತ ಒಳ್ಳೆಯ ಯೋಜನೆಗಳಲ್ಲಿ ಒಂದು. ಮುರುಮ್ ಕಾಣುವ ತೆಳು ಹೊಲದಲ್ಲಿ ಎರಡು ಗೇಣು ಕರಿಯ ಗೋಡು ಬಿದ್ದರೆ ತೊಗರಿಯ ಬೆಳೆ ಹೇಗೆ ಬದಲಾಗುತ್ತದೆಂದು ರೈತನಿಗೆ ಹೇಳಿಕೊಡಬೇಕಾಗಿಲ್ಲ.

ಆದರೆ ಎಲ್ಲ ಕೆರೆಗಳೂ ಒಂದೇ ಅಲ್ಲ. ಊರಾಚೆಯ ಪಾಝರ ತಲಾವಿಗೆ ಬಂದು ಬೀಳುವುದು ಹೊಲದ ಮಣ್ಣು. ಅದರ ಹೂಳು ಹೊಲಕ್ಕೇ ಮರಳುವುದು ನ್ಯಾಯ. ಪಟ್ಟಣದ ಮಗ್ಗುಲಿನ ಕೆರೆಗೆ ಬೀಳುವುದು ಗಟಾರದ ನೀರು, ಗ್ಯಾರೇಜಿನ ಎಣ್ಣೆ, ಬ್ಯಾಟರಿ ಅಂಗಡಿಯ ತೊಳೆನೀರು, ವಿಸರ್ಜನೆಯ ಬಣ್ಣ. ಜಪಾನಿನ ಜಿಂಜು ನದಿಯ ಕಣಿವೆಯಲ್ಲಿ ಮೇಲ್ಭಾಗದ ಕಮಿಯೊಕಾ ಸತುವಿನ ಗಣಿಯಿಂದ ಬಂದ ಕ್ಯಾಡ್ಮಿಯಂ ಕಾಲುವೆಯ ನೀರು ಮತ್ತು ಕೆಸರಿನೊಡನೆ ಭತ್ತದ ಗದ್ದೆಗಳಿಗೆ ಸೇರಿತು. ಆ ಅಕ್ಕಿಯನ್ನು ಉಂಡವರ ಮೂಳೆಗಳು ಮುರಿಯತೊಡಗಿದವು. ಜನ ಅದಕ್ಕೆ ನೋವಿನ ಉದ್ಗಾರವನ್ನೇ ಹೆಸರಾಗಿ ಇಟ್ಟು ಇತಾಯ್–ಇತಾಯ್ ಎಂದರು. ಸರಕಾರ ಅದನ್ನು ಮಾಲಿನ್ಯದಿಂದ ಬಂದ ರೋಗವೆಂದು ಒಪ್ಪಿದ್ದು 1968ರಲ್ಲಿ. 800 ಹೆಕ್ಟೇರಿಗೂ ಹೆಚ್ಚು ಗದ್ದೆಯ ಮಣ್ಣನ್ನು ಸರಿಪಡಿಸಿ ಮುಗಿಸಿದ್ದು 2012ರಲ್ಲಿ. ಒಮ್ಮೆ ಹೊಲಕ್ಕೆ ಬಿದ್ದ ಲೋಹವನ್ನು ಹಿಂದೆ ತೆಗೆಯುವುದೆಂದರೆ ಹೀಗೆ. ನಮ್ಮ ಎರೆಮಣ್ಣು ಸುಣ್ಣದ ಅಂಶವುಳ್ಳದ್ದು, ಜಿಗುಟಾದದ್ದು. ಲೋಹವನ್ನು ಬೆಳೆಗೆ ಸುಲಭವಾಗಿ ಬಿಟ್ಟುಕೊಡದೆ ಬಿಗಿಯಾಗಿ ಹಿಡಿದಿಡುತ್ತದೆ. ಇದು ಸಮಾಧಾನದ ಸಂಗತಿ. ಬಿಗಿಯಾಗಿ ಹಿಡಿದದ್ದು ತಲೆಮಾರುಗಳವರೆಗೂ ಅಲ್ಲಿಯೇ ಇರುತ್ತದೆ ಎಂಬುದು ಅದರ ಇನ್ನೊಂದು ಮುಖ. ನೀರಿನಡಿಯಲ್ಲಿ ಗಾಳಿಯಿಲ್ಲದೆ ಗಂಧಕದೊಡನೆ ಕೂಡಿಕೊಂಡಿದ್ದ ಲೋಹವು ಹೂಳನ್ನು ತೆಗೆದು ಬಿಸಿಲಿಗೆ ಹರವಿದಾಗ ಬಿಡಿಸಿಕೊಳ್ಳಬಲ್ಲದು ಎಂಬುದನ್ನೂ ನೆನಪಿಡಬೇಕು.

ಇಲ್ಲಿ ಒಂದು ವಿಚಿತ್ರವಿದೆ. 2015ರಲ್ಲಿ ಆರಂಭವಾದ ಮಣ್ಣಿನ ಆರೋಗ್ಯ ಪತ್ರದಲ್ಲಿ ಹನ್ನೆರಡು ಅಂಶಗಳ ಪರೀಕ್ಷೆಯಿರುತ್ತದೆ. ಅದರಲ್ಲಿ ಸತುವೂ ಇದೆ, ತಾಮ್ರವೂ ಇದೆ. ಆದರೆ ಪೋಷಕಾಂಶಗಳಾಗಿ, ಕಡಿಮೆಯಿದೆಯೇ ಎಂದು ನೋಡುವುದಕ್ಕಾಗಿ. ಮರಾಠವಾಡದ ಅನೇಕ ಹೊಲಗಳಲ್ಲಿ ಸತುವಿನ ಕೊರತೆಯೇ ಇದೆ. ರೈತ ದುಡ್ಡು ಕೊಟ್ಟು ಸತುವಿನ ಸಲ್ಫೇಟ್ ತಂದು ಹಾಕುತ್ತಾನೆ. ಅದೇ ಪತ್ರದಲ್ಲಿ ಸೀಸಕ್ಕೆ ಅಂಕಣವಿಲ್ಲ, ಕ್ಯಾಡ್ಮಿಯಂಗೆ ಇಲ್ಲ, ಪಾದರಸಕ್ಕೂ ಇಲ್ಲ. ಹೊಲಕ್ಕೆ ಹಾಕಿದ ಹೂಳು ಒಳ್ಳೆಯದೆಂದು ಆ ಪತ್ರ ಹೇಳಿದರೆ ಅದು ಅರ್ಧ ಮಾತು ಮಾತ್ರ.

ಪೂರ್ತಿ ಮಾತು ಕೇಳುವುದು ಅಷ್ಟೇನೂ ಕಷ್ಟವಲ್ಲ. ಪಟ್ಟಣಕ್ಕೆ ಹತ್ತಿದ ಕೆರೆಯ ಹೂಳೆತ್ತುವ ಮುನ್ನ ನಾಲ್ಕಾರು ಕಡೆಯಿಂದ, ಮೇಲಿನ ಮತ್ತು ಕೆಳಗಿನ ಪದರಗಳಿಂದ ಬೇರೆ ಬೇರೆಯಾಗಿ, ಕಬ್ಬಿಣದ ಪಾತ್ರೆಯನ್ನು ಮುಟ್ಟಿಸದೆ ಮಣ್ಣನ್ನು ತೆಗೆಯಬೇಕು. ಅದರ ಜೊತೆಗೆ ಅದೇ ಸೀಮೆಯ, ಯಾವ ಗಟಾರವೂ ತಲುಪದ ಎತ್ತರದ ಹೊಲದ ಒಂದು ಹಿಡಿ ಮಣ್ಣೂ ಇರಬೇಕು. ಕರಿಗಲ್ಲು ಕೊಟ್ಟದ್ದೆಷ್ಟು, ನಾವು ಸೇರಿಸಿದ್ದೆಷ್ಟು ಎಂಬುದು ಇವೆರಡನ್ನು ಹೋಲಿಸಿದಾಗ ಮಾತ್ರ ತಿಳಿಯುತ್ತದೆ. 1969ರಲ್ಲಿ ಜರ್ಮನಿಯ ಮ್ಯುಲ್ಲರ್ ರೂಪಿಸಿದ ಸೂಚ್ಯಂಕದ ತತ್ತ್ವವೂ ಇದೇ. ಪರೀಕ್ಷೆಗೆ ಕಳುಹಿಸುವಾಗ ‘ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕಲ್, ಪಾದರಸ, ಆರ್ಸೆನಿಕ್’ ಎಂದು ಹೆಸರು ಹಿಡಿದು ಬರೆದು ಕೇಳಬೇಕು. ಕೇಳದಿದ್ದರೆ ಸಾಮಾನ್ಯ ವರದಿಯೇ ಬರುತ್ತದೆ. ಪರಭಣಿಯ ವಸಂತರಾವ ನಾಯಿಕ ಮರಾಠವಾಡ ಕೃಷಿ ವಿದ್ಯಾಪೀಠ, ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ ಇವೆರಡೂ ನಮಗೆ ಎಟುಕದ ದೂರದಲ್ಲೇನೂ ಇಲ್ಲ. ಹೂಳೆತ್ತುವ ಕೆಲಸ ನಡೆಯುವುದು ಬೇಸಿಗೆಯಲ್ಲಿ. ಮಣ್ಣಿನ ಚೀಲಗಳು ಹೋಳಿ ಹುಣ್ಣಿಮೆಯ ಹೊತ್ತಿಗೆ ಪ್ರಯೋಗಾಲಯವನ್ನು ತಲುಪಿದರೆ, ಟ್ರ್ಯಾಕ್ಟರುಗಳು ಕೆರೆಗಿಳಿಯುವ ಮೊದಲೇ ಉತ್ತರ ಕೈಗೆ ಬರುತ್ತದೆ.